ನಾಟಕಕ್ಕೆ ಬನ್ನಿ, ಪಾಸ್‌ಪೋರ್ಟ್ ಮರೆಯಬೇಡಿ

ನಾಟಕ ನೋಡಲು ಹೊರಟವರ ಕೈಯಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ಟಿಕೆಟ್ಟು, ಸ್ವಲ್ಪ ಚಿಲ್ಲರೆ, ಚಳಿಗಾಲವಾದರೆ ಒಂದು ಶಾಲು. ಆದರೆ ಪೂರ್ವ ಯೂರೋಪಿನ ಬೆಲಾರೂಸ್ ದೇಶದ ರಾಜಧಾನಿ ಮಿನ್ಸ್ಕ್‌ನಲ್ಲಿ ಸುಮಾರು ಹದಿನೈದು ವರ್ಷಗಳ ಕಾಲ ಒಂದು ತಂಡದ ನಾಟಕಕ್ಕೆ ಹೋಗುತ್ತಿದ್ದವರಿಗೆ ಬೇರೆಯದೇ ಸೂಚನೆ ಇತ್ತು: ಪಾಸ್‌ಪೋರ್ಟ್ ಜೊತೆಯಲ್ಲಿರಲಿ. ಆಗ ಆ ದೇಶದಲ್ಲಿ ಪಾಸ್‌ಪೋರ್ಟೇ ನಾಗರಿಕನ ಗುರುತಿನ ಪತ್ರವಾಗಿತ್ತು. ಪೊಲೀಸರು ದಾಳಿ ಮಾಡಿ ನಟರ ಜೊತೆಗೆ ಪ್ರೇಕ್ಷಕರನ್ನೂ ಠಾಣೆಗೆ ಒಯ್ದರೆ, ಗುರುತಿನ ಪತ್ರ ಇದ್ದವರು ಬೇಗ ಹೊರಬರಬಹುದು ಎಂಬುದು ಈ ಸೂಚನೆಯ ಹಿಂದಿನ ಲೆಕ್ಕಾಚಾರ.

ಆ ನಾಟಕಗಳಿಗೆ ಭಿತ್ತಿಪತ್ರ ಇರಲಿಲ್ಲ. ಪತ್ರಿಕೆಗಳಲ್ಲಿ ಜಾಹೀರಾತು ಇರಲಿಲ್ಲ. ಟಿಕೆಟ್ ಮಾರಾಟವೂ ಇರಲಿಲ್ಲ. ಬಾಯಿಂದ ಬಾಯಿಗೆ, ಫೋನಿನಿಂದ ಫೋನಿಗೆ ಸುದ್ದಿ ಹಬ್ಬುತ್ತಿತ್ತು. ಆಸಕ್ತರು ತಮ್ಮ ಹೆಸರು ಕೊಟ್ಟರೆ, ಎಲ್ಲಿ ಸೇರಬೇಕೆಂಬ ಸಂದೇಶ ಕೊನೆಯ ಗಳಿಗೆಯಲ್ಲಿ ಮೊಬೈಲಿಗೆ ಬರುತ್ತಿತ್ತು. ಹೇಳಿದ ಜಾಗದಲ್ಲಿ ನಿಂತವರನ್ನು ಯಾರೋ ಬಂದು ಕರೆದೊಯ್ಯುತ್ತಿದ್ದರು. ಕೆಲವೊಮ್ಮೆ ಅದು ಯಾರದೋ ಮನೆ, ಕೆಲವೊಮ್ಮೆ ಕಾಫಿ ಬಾರು, ಇನ್ನು ಕೆಲವೊಮ್ಮೆ ಊರ ಹೊರಗಿನ ಕಾಡು.

ಹೀಗೆ ಕಳ್ಳತನದಲ್ಲೆಂಬಂತೆ ನಾಟಕವಾಡಿ, ಕೊನೆಗೆ ತಾಯ್ನಾಡನ್ನೇ ಬಿಟ್ಟು, ಲಂಡನ್, ನ್ಯೂಯಾರ್ಕ್, ಪ್ಯಾರಿಸ್, ಅಡಿಲೇಡ್‌ಗಳವರೆಗೆ ತಿರುಗಿದ ಈ ತಂಡದ ಹೆಸರು ‘ಬೆಲಾರೂಸ್ ಫ್ರೀ ಥಿಯೇಟರ್’. ಮುಕ್ತ ರಂಗಭೂಮಿ ಎಂದು ಹೆಸರಿಟ್ಟುಕೊಂಡ ತಂಡಕ್ಕೆ ತನ್ನ ದೇಶದಲ್ಲಿ ಒಂದೇ ಒಂದು ದಿನವೂ ಕಾನೂನುಬದ್ಧವಾಗಿ ಪ್ರದರ್ಶನ ನೀಡಲು ಸಾಧ್ಯವಾಗಲಿಲ್ಲ. ಕಲೆಯ ಸ್ವಾತಂತ್ರ್ಯ ಎಂಬ ಮಾತು ವಿಚಾರಸಂಕಿರಣಗಳಲ್ಲಿ ಸವೆದುಹೋದ ಮಾತೆಂದು ಅನ್ನಿಸಬಹುದು. ಅದರ ಬೆಲೆ ಎಷ್ಟೆಂದು ತಿಳಿಯಲು ಈ ತಂಡದ ಕಥೆ ನೆರವಾಗುತ್ತದೆ.

ಅನುಮತಿ ಎಂಬ ಬೀಗ

ಬೆಲಾರೂಸ್ ಎಂಬುದು ರಷ್ಯಾ, ಉಕ್ರೇನ್, ಪೋಲೆಂಡ್, ಲಿಥುವೇನಿಯಾ ಮತ್ತು ಲಾಟ್ವಿಯಾಗಳ ನಡುವೆ ಇರುವ, ಕಡಲತೀರವಿಲ್ಲದ ದೇಶ. ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ತುಸು ದೊಡ್ಡದು. ಜನಸಂಖ್ಯೆ ಮಾತ್ರ ಒಂದು ಕೋಟಿಗೂ ಕಡಿಮೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಸ್ವತಂತ್ರವಾಯಿತು. 1994ರ ಚುನಾವಣೆಯಲ್ಲಿ ಗೆದ್ದು ಅಧ್ಯಕ್ಷರಾದ ಅಲೆಕ್ಸಾಂಡರ್ ಲುಕಶೆಂಕೊ ಅಂದಿನಿಂದ ಅಧಿಕಾರ ಬಿಟ್ಟುಕೊಟ್ಟಿಲ್ಲ. 1996ರ ಜನಮತಗಣನೆ ಅಧ್ಯಕ್ಷರ ಅಧಿಕಾರವನ್ನು ಹಿಗ್ಗಿಸಿತು. 2004ರ ಜನಮತಗಣನೆ, ಒಬ್ಬರಿಗೆ ಎರಡೇ ಅವಧಿ ಎಂಬ ಮಿತಿಯನ್ನು ತೆಗೆದುಹಾಕಿತು. 2025ರ ಜನವರಿಯ ಚುನಾವಣೆಯಲ್ಲೂ ಅವರೇ ಗೆದ್ದರೆಂದು ಘೋಷಿಸಲಾಯಿತು. ಸೋವಿಯತ್ ಕಾಲದ ಗುಪ್ತಚರ ಸಂಸ್ಥೆ ಇಂದಿಗೂ ಕೆಜಿಬಿ ಎಂಬ ಹಳೆಯ ಹೆಸರಿನಲ್ಲಿಯೇ ಅಲ್ಲಿ ಕೆಲಸ ಮಾಡುತ್ತಿದೆ.

ಇಂಥ ದೇಶದಲ್ಲಿ ನಾಟಕಗಳೇ ಇಲ್ಲವೆಂದು ತಿಳಿಯಬಾರದು. ಸರ್ಕಾರದ ಹಣದಲ್ಲಿ ನಡೆಯುವ ದೊಡ್ಡ ರಂಗಮಂದಿರಗಳಿವೆ, ಸಂಬಳ ಪಡೆಯುವ ನಟರಿದ್ದಾರೆ, ಚೆಕಾವ್‌ನಿಂದ ಷೇಕ್ಸ್‌ಪಿಯರನವರೆಗೆ ನಾಟಕಗಳು ನಡೆಯುತ್ತವೆ. ಆದರೆ ಯಾವ ನಾಟಕ ಆಡಬೇಕು, ಯಾರು ಆಡಬೇಕು ಎಂಬುದು ಕೊನೆಗೆ ಸಂಸ್ಕೃತಿ ಸಚಿವಾಲಯದ ಕೈಯಲ್ಲಿರುತ್ತದೆ. ನಿಷೇಧ ಎಂಬ ಪದವನ್ನು ಬಳಸುವ ಅಗತ್ಯವೇ ಬರುವುದಿಲ್ಲ. ಅನುಮತಿ ಎಂಬ ಒಂದು ಬೀಗ ಸಾಕು.

ಈ ಬೀಗ ಹೇಗೆ ಕೆಲಸ ಮಾಡುತ್ತದೆ ಎಂಬುದು ಕುತೂಹಲಕರ. ಹೊಸ ತಂಡ ನೋಂದಣಿಯಾಗಬೇಕು. ನೋಂದಣಿಯಾಗದಿದ್ದರೆ ಸಭಾಂಗಣ ಬಾಡಿಗೆಗೆ ಸಿಗದು, ಟಿಕೆಟ್ ಮಾರುವಂತಿಲ್ಲ. ಜಾಗ ಕೊಟ್ಟ ಮಾಲೀಕನ ವ್ಯಾಪಾರಕ್ಕೆ ಸಂಚಕಾರ ಬರುತ್ತದೆ. ಇಷ್ಟು ಸಾಲದೆಂಬಂತೆ, ನೋಂದಣಿಯಾಗದ ಸಂಘಟನೆಯ ಹೆಸರಿನಲ್ಲಿ ಚಟುವಟಿಕೆ ನಡೆಸುವುದೇ ಅಪರಾಧವೆಂದು 2005ರ ಕೊನೆಯಲ್ಲಿ ದಂಡಸಂಹಿತೆಗೆ ಒಂದು ಕಲಮನ್ನು ಸೇರಿಸಲಾಯಿತು. ಶಿಕ್ಷೆ ಎರಡು ವರ್ಷಗಳವರೆಗೆ ಸೆರೆವಾಸ. 2019ರಲ್ಲಿ ಈ ಕಲಮನ್ನು ಕೈಬಿಟ್ಟು ದಂಡಕ್ಕೆ ಇಳಿಸಲಾಯಿತಾದರೂ 2022ರಲ್ಲಿ ಅದು ಮತ್ತೆ ಜಾರಿಗೆ ಬಂತು. ನೋಂದಣಿ ಕೊಡುವವನೂ ಸರ್ಕಾರ, ನೋಂದಣಿ ಇಲ್ಲವೆಂದು ಹಿಡಿಯುವವನೂ ಸರ್ಕಾರ. ನಾಟಕದಲ್ಲಿ ಏನಿದೆ ಎಂಬ ಚರ್ಚೆಯೇ ಬೇಕಾಗಿಲ್ಲ.

ಮೂವರ ಆರಂಭ

ಈ ಹಿನ್ನೆಲೆಯಲ್ಲಿ 2005ರ ಮಾರ್ಚ್‌ನಲ್ಲಿ ನಾಟಕಕಾರ ಮತ್ತು ಪತ್ರಕರ್ತ ನಿಕೊಲಾಯ್ ಖಲೆಜಿನ್ ಹಾಗೂ ಅವರ ಪತ್ನಿ ನತಾಲಿಯಾ ಕಲ್ಯಾದಾ ಈ ತಂಡವನ್ನು ಹುಟ್ಟುಹಾಕಿದರು. ಖಲೆಜಿನ್ ಕೆಲಸ ಮಾಡುತ್ತಿದ್ದ ಪತ್ರಿಕೆಗಳು ಅದಾಗಲೇ ಒಂದೊಂದಾಗಿ ಬಾಗಿಲು ಮುಚ್ಚಿದ್ದವು. ಕೆಲವೇ ವಾರಗಳಲ್ಲಿ ನಿರ್ದೇಶಕ ವ್ಲಾದಿಮಿರ್ ಶೆರ್ಬಾನ್ ಇವರನ್ನು ಸೇರಿಕೊಂಡರು. ಶೆರ್ಬಾನ್ ಮಿನ್ಸ್ಕ್‌ನ ಪ್ರತಿಷ್ಠಿತ ಯಾಂಕಾ ಕುಪಾಲಾ ರಾಷ್ಟ್ರೀಯ ರಂಗಮಂದಿರದಲ್ಲಿ ಕೆಲಸ ಮಾಡಿದವರು. ತಂಡ ಸೇರಿದ ನಟರಲ್ಲಿ ಹಲವರು ಸರ್ಕಾರಿ ರಂಗಮಂದಿರಗಳ ನೌಕರಿ ಕಳೆದುಕೊಂಡರು.

ಮೊದಲ ನಾಟಕವಾಗಿ ಅವರು ಆರಿಸಿಕೊಂಡದ್ದು ಲುಕಶೆಂಕೊ ವಿರುದ್ಧದ ವಿಡಂಬನೆಯನ್ನಲ್ಲ ಎಂಬುದು ಗಮನಿಸಬೇಕಾದ ಅಂಶ. ಅದು ಇಂಗ್ಲೆಂಡಿನ ನಾಟಕಕಾರ್ತಿ ಸಾರಾ ಕೇನ್ ಬರೆದ ‘4.48 ಸೈಕೋಸಿಸ್’. ತೀವ್ರ ಖಿನ್ನತೆಯಿಂದ ನರಳುವ ಮನಸ್ಸೊಂದರ ತೊಳಲಾಟವೇ ಅದರ ವಸ್ತು. ಕೇನ್ 1999ರಲ್ಲಿ, 28ನೇ ವಯಸ್ಸಿನಲ್ಲಿ ತೀರಿಕೊಂಡರು. ನಾಟಕ ರಂಗಕ್ಕೆ ಬಂದದ್ದು 2000ದಲ್ಲಿ. ಇದರಲ್ಲಿ ಅಧ್ಯಕ್ಷರ ಹೆಸರಿಲ್ಲ, ಚುನಾವಣೆಯಿಲ್ಲ, ಪೊಲೀಸರಿಲ್ಲ. ಆದರೂ ಅದು ಅಪಾಯಕಾರಿಯಾಗಿ ಕಂಡಿತು. ಎಲ್ಲರೂ ಸುಖವಾಗಿದ್ದಾರೆ ಎಂದು ದಿನವೂ ಸಾರುವ ಪ್ರಭುತ್ವಕ್ಕೆ, ಸುಖವಾಗಿಲ್ಲದ ಒಬ್ಬ ಹೆಣ್ಣುಮಗಳನ್ನು ರಂಗದ ಮೇಲೆ ತಂದು ನಿಲ್ಲಿಸುವುದೂ ಒಂದು ಸವಾಲೇ.

ಕಾಫಿ ಬಾರುಗಳು ಜಾಗ ಕೊಡಲು ಹೆದರಿದ ಮೇಲೆ ತಂಡ ಮನೆಗಳಿಗೆ ಸರಿಯಿತು. ಊರಂಚಿನ ಒಂದು ಪುಟ್ಟ ಮನೆಯೇ ಮುಂದೆ ವರ್ಷಗಟ್ಟಲೆ ಅವರ ರಂಗಮಂದಿರವಾಯಿತು. ನಾಲ್ಕೈದು ಸಾಲುಗಳಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕುಳಿತರೆ ನಟನ ಉಸಿರು ಕೇಳುವಷ್ಟು ಹತ್ತಿರ. ದೀಪದ ಸಲಕರಣೆ ಅಷ್ಟಕ್ಕಷ್ಟೇ, ರಂಗಸಜ್ಜಿಕೆ ಇಲ್ಲವೆಂದೇ ಹೇಳಬಹುದು. ಬಡತನದಿಂದ ಹುಟ್ಟಿದ ಈ ಸರಳತೆಯೇ ತಂಡದ ಶೈಲಿಯಾಗಿ ಬೆಳೆಯಿತು. ನಟನ ದೇಹ, ದನಿ ಮತ್ತು ಕೈಗೆ ಸಿಕ್ಕ ಒಂದೆರಡು ವಸ್ತುಗಳಲ್ಲಿ ನಾಟಕ ಮುಗಿಯುತ್ತಿತ್ತು. ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೊರಡಬಹುದಾದ ಈ ಗುಣ ಮುಂದೆ ತಂಡವನ್ನು ಕಾಪಾಡಿತು.

ಪ್ರಾಗ್‌ನ ಪಡಸಾಲೆಯಿಂದ

ಮನೆಯೊಳಗಿನ ನಾಟಕ ಮಿನ್ಸ್ಕ್‌ನಲ್ಲಿ ಹುಟ್ಟಿದ ಹೊಸ ಉಪಾಯವಲ್ಲ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದ ನಂತರ ಅಲ್ಲಿನ ಅನೇಕ ಲೇಖಕರು, ಕಲಾವಿದರು ಕೆಲಸ ಕಳೆದುಕೊಂಡರು. ಜನಪ್ರಿಯ ನಟಿ ವ್ಲಾಸ್ತಾ ಖ್ರಮೊಸ್ತೊವಾ ಅವರಿಗೂ ರಂಗ ಮತ್ತು ಸಿನಿಮಾ ಎರಡರ ಬಾಗಿಲೂ ಮುಚ್ಚಿತು. ಆಗ ಅವರು ಪ್ರಾಗ್‌ನ ತಮ್ಮ ಮನೆಯಲ್ಲೇ ನಾಟಕ ಆಡತೊಡಗಿದರು. 1978ರಲ್ಲಿ ನಾಟಕಕಾರ ಪಾವೆಲ್ ಕೊಹೌಟ್ ‘ಮ್ಯಾಕ್‌ಬೆತ್’ ನಾಟಕವನ್ನು ಬೆರಳೆಣಿಕೆಯ ನಟರು ಪಡಸಾಲೆಯಲ್ಲಿ ಆಡುವಂತೆ ಇಳಿಸಿ ಬರೆದುಕೊಟ್ಟರು. ಅಧಿಕಾರಕ್ಕಾಗಿ ಕೊಲೆ ಮಾಡುವ ಮ್ಯಾಕ್‌ಬೆತ್‌ನ ಕಥೆಗೆ ಆ ಪಡಸಾಲೆಯಲ್ಲಿ ಬೇರೆಯೇ ಅರ್ಥ ಬಂದಿತ್ತು.

ಈ ಸಂಗತಿಯಿಂದ ಪ್ರೇರಿತರಾಗಿ ಮರುವರ್ಷವೇ ನಾಟಕ ಬರೆದವರು ಟಾಮ್ ಸ್ಟಾಪರ್ಡ್. ಇಂಗ್ಲಿಷ್ ನಾಟಕಕಾರರೆಂದು ಹೆಸರಾದ ಸ್ಟಾಪರ್ಡ್ ಹುಟ್ಟಿದ್ದು ಚೆಕೊಸ್ಲೊವಾಕಿಯಾದಲ್ಲಿ. ನಾಜಿಗಳಿಂದ ತಪ್ಪಿಸಿಕೊಂಡು ಓಡಿದ ಕುಟುಂಬದ ಮಗುವಾಗಿ ಅವರು ಕೆಲವು ವರ್ಷ ಭಾರತದ ಡಾರ್ಜಿಲಿಂಗ್‌ನಲ್ಲಿ ಶಾಲೆ ಓದಿದವರು. 2005ರಲ್ಲಿ ಬೆಲಾರೂಸ್ ತಂಡದ ಕರೆಗೆ ಓಗೊಟ್ಟು ಅವರು ಮಿನ್ಸ್ಕ್‌ಗೆ ಹೋದರು. ಕಾಲು ಶತಮಾನದ ಹಿಂದೆ ಪ್ರಾಗ್ ಬಗ್ಗೆ ಬರೆದದ್ದು ಇನ್ನೊಂದು ರಾಜಧಾನಿಯಲ್ಲಿ ಮತ್ತೆ ನಡೆಯುತ್ತಿರುವುದನ್ನು ಅವರು ಕಂಡರು. ಚೆಕ್ ಗಣರಾಜ್ಯದ ಅಧ್ಯಕ್ಷರಾಗಿದ್ದ ನಾಟಕಕಾರ ವಾಕ್ಲಾವ್ ಹಾವೆಲ್ ಕೂಡ ತಂಡದ ಬೆಂಬಲಕ್ಕೆ ನಿಂತರು. ತಮ್ಮ ನಾಟಕಗಳ ಮೇಲೆ ಸ್ವದೇಶದಲ್ಲಿ ಎರಡು ದಶಕಗಳ ನಿಷೇಧವನ್ನು ಕಂಡ ಹಾವೆಲ್‌ಗೆ ಈ ಕಷ್ಟವನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಮೂರನೆಯ ದೊಡ್ಡ ಹೆಸರು ಹೆರಾಲ್ಡ್ ಪಿಂಟರ್. 2005ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಪಿಂಟರ್ ತಮ್ಮ ಕೃತಿಗಳನ್ನು ಯಾವ ಗೌರವಧನವೂ ಇಲ್ಲದೆ ಬಳಸಿಕೊಳ್ಳಲು ತಂಡಕ್ಕೆ ಅನುಮತಿ ಕೊಟ್ಟರು. ಅದರಿಂದ ಹುಟ್ಟಿದ್ದು ‘ಬೀಯಿಂಗ್ ಹೆರಾಲ್ಡ್ ಪಿಂಟರ್’ ಎಂಬ ಪ್ರಯೋಗ. ಪಿಂಟರರ ಹಲವು ನಾಟಕಗಳ ತುಣುಕುಗಳು, ಅವರ ನೊಬೆಲ್ ಉಪನ್ಯಾಸದ ಭಾಗಗಳು ಮತ್ತು ಬೆಲಾರೂಸಿನ ರಾಜಕೀಯ ಕೈದಿಗಳು ಸೆರೆಮನೆಯಿಂದ ಬರೆದ ಪತ್ರಗಳು ಈ ಮೂರನ್ನೂ ಇಲ್ಲಿ ಒಂದೇ ದಾರದಲ್ಲಿ ಪೋಣಿಸಲಾಗಿತ್ತು. ನಾಟಕದ ಒಂದು ಘಟ್ಟದಲ್ಲಿ ನಟರು ದೊಡ್ಡದೊಂದು ಪ್ಲಾಸ್ಟಿಕ್ ಹಾಳೆಯ ಕೆಳಗೆ ಸಿಕ್ಕಿ ಒದ್ದಾಡುತ್ತಾರೆ. ಪಿಂಟರ್ ಹೆಸರಿಲ್ಲದ ಯಾವುದೋ ದೇಶವನ್ನು ಕಲ್ಪಿಸಿಕೊಂಡು ಬರೆದ ಹಿಂಸೆಯ ದೃಶ್ಯಗಳು ಮಿನ್ಸ್ಕ್‌ನ ಪ್ರೇಕ್ಷಕರಿಗೆ ನೆರೆಮನೆಯ ಸುದ್ದಿಯಂತೆ ಕೇಳಿದವು. 2007ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಡೆದ ಪ್ರದರ್ಶನವನ್ನು ಸ್ವತಃ ಪಿಂಟರ್ ನೋಡಿದರು.

ಕಾಣೆಯಾದವರ ನೆನಪು

ತಂಡದ ಸ್ವಂತ ನಾಟಕಗಳ ವಸ್ತುಗಳನ್ನು ನೋಡಿದರೆ, ಮಾತಾಡಬಾರದ ವಿಷಯಗಳ ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದೇ ಅವರು ಕೆಲಸ ಮಾಡಿದಂತೆ ತೋರುತ್ತದೆ. ಖಲೆಜಿನ್ ತಾವೇ ಬರೆದು, ತಾವೇ ಆಡಿದ ‘ಜನರೇಷನ್ ಜೀನ್ಸ್’ ಏಕವ್ಯಕ್ತಿ ನಾಟಕ. ಸೋವಿಯತ್ ಕಾಲದಲ್ಲಿ ಕದ್ದುಮುಚ್ಚಿ ಮಾರಾಟವಾಗುತ್ತಿದ್ದ ಜೀನ್ಸ್ ಪ್ಯಾಂಟು ಒಂದು ತಲೆಮಾರಿಗೆ ಹೇಗೆ ಸ್ವಾತಂತ್ರ್ಯದ ಗುರುತಾಯಿತು ಎಂಬುದನ್ನು ಅದು ಹೇಳುತ್ತದೆ.

‘ಡಿಸ್ಕವರ್ ಲವ್’ ಇನ್ನೂ ಆಳದ ಗಾಯವನ್ನು ಮುಟ್ಟಿತು. 1999 ಮತ್ತು 2000ದಲ್ಲಿ ಬೆಲಾರೂಸಿನಲ್ಲಿ ನಾಲ್ವರು ಒಬ್ಬರ ನಂತರ ಒಬ್ಬರಂತೆ ಕಾಣೆಯಾದರು. ಮಾಜಿ ಗೃಹಸಚಿವ ಯೂರಿ ಜಖಾರೆಂಕೊ, ರಾಜಕಾರಣಿ ವಿಕ್ಟರ್ ಗೊಂಚಾರ್, ಅವರ ಜೊತೆಯಲ್ಲಿದ್ದ ಉದ್ಯಮಿ ಅನತೊಲಿ ಕ್ರಸೋವ್‌ಸ್ಕಿ ಮತ್ತು ಟೆಲಿವಿಷನ್ ಕ್ಯಾಮೆರಾಮನ್ ದ್ಮಿತ್ರಿ ಜವಾದ್‌ಸ್ಕಿ. ಯಾರ ದೇಹವೂ ಸಿಗಲಿಲ್ಲ. ಕ್ರಸೋವ್‌ಸ್ಕಿ ದಂಪತಿಯ ಪ್ರೀತಿ ಮತ್ತು ಆ ನಂತರದ ಕಾಯುವಿಕೆಯೇ ಈ ನಾಟಕದ ಕಥೆ. ಸತ್ತರೆಂದು ಅಳುವಂತಿಲ್ಲ, ಬದುಕಿದ್ದಾರೆಂದು ನಂಬುವಂತಿಲ್ಲ. ಇಂಥ ಸಂಗತಿ ಸರ್ಕಾರಿ ಟೆಲಿವಿಷನ್ನಿನಲ್ಲಿ ಬರುವುದಿಲ್ಲ. ಪತ್ರಿಕೆ ಮುಚ್ಚಿದ ಮೇಲೆ ಪತ್ರಕರ್ತ ನಾಟಕಕಾರನಾಗುವುದರ ಮರ್ಮ ಇಲ್ಲಿದೆ. ಸುದ್ದಿಗೆ ಜಾಗವಿಲ್ಲದ ಕಡೆ ಸುದ್ದಿಯ ಕೆಲಸವನ್ನೂ ನಾಟಕವೇ ಮಾಡಬೇಕಾಗುತ್ತದೆ.

ದಾಳಿ, ಬಂಧನ, ಪಯಣ

2007ರ ಆಗಸ್ಟ್ 22ರಂದು ಎಲ್ಲರೂ ನಿರೀಕ್ಷಿಸುತ್ತಿದ್ದ ಘಟನೆ ನಡೆಯಿತು. ಖಾಸಗಿ ಮನೆಯೊಂದರಲ್ಲಿ ಎಡ್ವರ್ಡ್ ಬಾಂಡ್ ಬರೆದ ‘ಇಲೆವನ್ ವೆಸ್ಟ್ಸ್’ ನಾಟಕ ನಡೆಯುತ್ತಿದ್ದಾಗ ಪೊಲೀಸರು ನುಗ್ಗಿದರು. ನಟರು, ನಿರ್ದೇಶಕರು, ಪ್ರೇಕ್ಷಕರು ಸೇರಿ ಸುಮಾರು 50 ಮಂದಿಯನ್ನು ಹಿಡಿದೊಯ್ದು, ಕೆಲವು ಗಂಟೆಗಳ ನಂತರ ಬಿಟ್ಟರು. ಪಾಸ್‌ಪೋರ್ಟ್ ತನ್ನಿ ಎಂಬ ಸೂಚನೆ ಬರಿಯ ಮಾತಾಗಿರಲಿಲ್ಲ. ಅದೇ ವರ್ಷ ಫ್ರಾನ್ಸ್ ಸರ್ಕಾರದ ಮಾನವ ಹಕ್ಕುಗಳ ಪ್ರಶಸ್ತಿ, 2008ರಲ್ಲಿ ಯೂರೋಪ್ ರಂಗಭೂಮಿ ಪ್ರಶಸ್ತಿಯ ವಿಶೇಷ ಮನ್ನಣೆ ತಂಡಕ್ಕೆ ಬಂದವು. ಹೊರಗೆ ಸನ್ಮಾನ, ಒಳಗೆ ಠಾಣೆ. ಹೊರಗಿನ ಹೆಸರೇ ಒಳಗೆ ಒಂದಿಷ್ಟು ರಕ್ಷಣೆಯಾಗಿತ್ತು ಎಂಬುದೂ ನಿಜ. ಜಗತ್ತು ಗುರುತಿಸಿದವರನ್ನು ಸದ್ದಿಲ್ಲದೆ ಮುಗಿಸುವುದು ಸುಲಭವಲ್ಲ.

ಆ ರಕ್ಷಣೆಯೂ 2010ರ ಡಿಸೆಂಬರ್ 19ರಂದು ಕುಸಿಯಿತು. ಅಂದು ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನು ವಿರೋಧಿಸಿ ಮಿನ್ಸ್ಕ್‌ನಲ್ಲಿ ಸಾವಿರಾರು ಜನ ಸೇರಿದರು. 600ಕ್ಕೂ ಹೆಚ್ಚು ಮಂದಿಯನ್ನು ಬಂಧಿಸಲಾಯಿತು. ಲುಕಶೆಂಕೊ ವಿರುದ್ಧ ಸ್ಪರ್ಧಿಸಿದ್ದ ಅಭ್ಯರ್ಥಿಗಳಲ್ಲೇ ಹೆಚ್ಚಿನವರು ಸೆರೆಯಾದರು. ಬಂಧಿತರಲ್ಲಿ ಕಲ್ಯಾದಾ ಕೂಡ ಇದ್ದರು. ಬಿಡುಗಡೆಯಾದ ಮೇಲೆ ತಂಡದವರು ಸಣ್ಣ ಸಣ್ಣ ಗುಂಪುಗಳಾಗಿ, ಬೇರೆ ಬೇರೆ ದಾರಿಗಳಲ್ಲಿ, ಯಾರಿಗೂ ತಿಳಿಯದಂತೆ ದೇಶ ಬಿಟ್ಟರು. ನ್ಯೂಯಾರ್ಕಿನ ‘ಅಂಡರ್ ದ ರಾಡಾರ್’ ನಾಟಕೋತ್ಸವಕ್ಕೆ ಅವರಿಗೆ ಮೊದಲೇ ಆಹ್ವಾನವಿತ್ತು. 2011ರ ಜನವರಿಯಲ್ಲಿ ನ್ಯೂಯಾರ್ಕಿನ ಲಾ ಮಾಮಾ ರಂಗಮಂದಿರದಲ್ಲಿ ‘ಬೀಯಿಂಗ್ ಹೆರಾಲ್ಡ್ ಪಿಂಟರ್’ ಪ್ರದರ್ಶನ ಕಂಡಿತು. ರಂಗದ ಮೇಲೆ ಕೈದಿಗಳ ಪತ್ರ ಓದುತ್ತಿದ್ದವರ ಗೆಳೆಯರು, ಬಂಧುಗಳು ಆ ಹೊತ್ತಿನಲ್ಲೇ ಮಿನ್ಸ್ಕ್‌ನ ಸೆರೆಮನೆಗಳಲ್ಲಿದ್ದರು. ಆ ಪ್ರಯೋಗಕ್ಕೆ ಅಮೆರಿಕದ ಪ್ರತಿಷ್ಠಿತ ಓಬಿ ಪ್ರಶಸ್ತಿ ಬಂತು.

ಹಿಂತಿರುಗಿದರೆ ಸೆರೆವಾಸ ಖಚಿತವಾಗಿದ್ದ ಖಲೆಜಿನ್, ಕಲ್ಯಾದಾ ಮತ್ತು ಶೆರ್ಬಾನ್ ಬ್ರಿಟನ್ನಿನಲ್ಲಿ ಆಶ್ರಯ ಪಡೆದರು. ಮುಂದೆ ಶೆರ್ಬಾನ್ ತಂಡದಿಂದ ಬೇರೆಯಾದರು. ನಟರಲ್ಲಿ ಬಹುಪಾಲು ಮಂದಿ ಮಾತ್ರ ಮಿನ್ಸ್ಕ್‌ಗೆ ಮರಳಿ, ಗುಟ್ಟಾಗಿ ನಾಟಕ ಆಡುವುದನ್ನು ಮುಂದುವರಿಸಿದರು.

ಪರದೆಯಾಚೆಯ ನಿರ್ದೇಶಕ

ಇಲ್ಲಿಂದ ಮುಂದಿನ ಹತ್ತು ವರ್ಷ ಈ ತಂಡ ನಡೆದ ರೀತಿ ವಿಚಿತ್ರವಾದುದು. ನಿರ್ದೇಶಕರು ಲಂಡನ್ನಿನಲ್ಲಿ, ನಟರು ಮಿನ್ಸ್ಕ್‌ನಲ್ಲಿ. ನಡುವೆ ಸ್ಕೈಪ್. ಕಂಪ್ಯೂಟರ್ ಪರದೆಯ ಮೂಲಕವೇ ತಾಲೀಮು ನಡೆಯುತ್ತಿತ್ತು. ನಟನ ಕಾಲಿನ ಚಲನೆ ಸರಿಯಿದೆಯೇ ಎಂದು ನೋಡಲು ನಿರ್ದೇಶಕರು ಕ್ಯಾಮೆರಾ ತಿರುಗಿಸುವಂತೆ ಕೇಳಬೇಕಿತ್ತು. ನಾಟಕ ಸಿದ್ಧವಾದ ಮೇಲೆ ನಟರು ವಿದೇಶಕ್ಕೆ ಹೋಗಿ, ಆಡಿ, ಮತ್ತೆ ತಾಯ್ನಾಡಿಗೆ ಮರಳುತ್ತಿದ್ದರು. ‘ಫೋರ್ಟಿನ್‌ಬ್ರಾಸ್’ ಎಂಬ ಹೆಸರಿನಲ್ಲಿ ಯುವಕ ಯುವತಿಯರಿಗೆ ರಂಗಶಿಕ್ಷಣವನ್ನೂ ಮಿನ್ಸ್ಕ್‌ನಲ್ಲಿ ನಡೆಸಿದರು. ಫೋರ್ಟಿನ್‌ಬ್ರಾಸ್ ಎಂದರೆ ‘ಹ್ಯಾಮ್ಲೆಟ್’ ನಾಟಕದ ಕೊನೆಯಲ್ಲಿ, ಎಲ್ಲರೂ ಸತ್ತು ಬಿದ್ದಿರುವಾಗ ಬಂದು ರಾಜ್ಯ ವಹಿಸಿಕೊಳ್ಳುವ ರಾಜಕುಮಾರ.

2011ರ ಎಡಿನ್‌ಬರೊ ಉತ್ಸವದಲ್ಲಿ ತಮ್ಮ ನಗರವನ್ನು ಕುರಿತ ‘ಮಿನ್ಸ್ಕ್, 2011’ ಪ್ರಶಸ್ತಿ ಗಳಿಸಿತು. 2012ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರ ಷೇಕ್ಸ್‌ಪಿಯರನ 37 ನಾಟಕಗಳನ್ನು 37 ಭಾಷೆಗಳಲ್ಲಿ ಆಡಿಸಿದಾಗ ‘ಕಿಂಗ್ ಲಿಯರ್’ ಈ ತಂಡದ ಪಾಲಿಗೆ ಬಂತು. ಅದನ್ನು ಅವರು ಬೆಲಾರೂಸಿ ಭಾಷೆಯಲ್ಲಿ ಆಡಿದರು. ಈ ಆಯ್ಕೆಗೂ ಅರ್ಥವಿದೆ. 1995ರ ಜನಮತಗಣನೆಯ ನಂತರ ರಷ್ಯನ್‌ಗೆ ರಾಜ್ಯಭಾಷೆಯ ಸ್ಥಾನ ಸಿಕ್ಕಿತು; ಕಚೇರಿ, ಶಾಲೆ, ಟೆಲಿವಿಷನ್ನುಗಳಲ್ಲಿ ಬೆಲಾರೂಸಿ ಮೂಲೆಗೆ ಸರಿಯಿತು. ಬೀದಿಯಲ್ಲಿ ಬೆಲಾರೂಸಿ ಮಾತಾಡುವುದನ್ನೇ ಸರ್ಕಾರದ ವಿರೋಧವೆಂದು ಅನುಮಾನದಿಂದ ನೋಡುವ ಸ್ಥಿತಿ ಬಂದಿದೆ. ತನ್ನ ಊರಿನಲ್ಲಿ ಬೆಲೆ ಕಳೆದುಕೊಂಡ ಭಾಷೆಗೆ ಷೇಕ್ಸ್‌ಪಿಯರನ ಊರಿನ ರಂಗದಲ್ಲಿ ಮರ್ಯಾದೆ ಸಿಕ್ಕಿತು.

2013ರಲ್ಲಿ ಲಂಡನ್ನಿನ ಯಂಗ್ ವಿಕ್‌ನಲ್ಲಿ ಆಡಿದ ‘ಟ್ರ್ಯಾಶ್ ಕ್ವಿಸೀನ್’ ಮರಣದಂಡನೆಯನ್ನು ಕುರಿತದ್ದು. ಯೂರೋಪಿನಲ್ಲಿ ಇಂದಿಗೂ ಮರಣದಂಡನೆ ಜಾರಿ ಮಾಡುವ ಏಕೈಕ ದೇಶ ಬೆಲಾರೂಸ್. ಕೈದಿಯ ತಲೆಗೆ ಹಿಂದಿನಿಂದ ಗುಂಡಿಕ್ಕಲಾಗುತ್ತದೆ. ದೇಹವನ್ನು ಕುಟುಂಬಕ್ಕೆ ಕೊಡುವುದಿಲ್ಲ. ಎಲ್ಲಿ ಹೂಳಿದರೆಂದೂ ಹೇಳುವುದಿಲ್ಲ. ಆದರೆ ನಾಟಕ ಬೆಲಾರೂಸಿಗೆ ಮಾತ್ರ ಸೀಮಿತವಾಗದೆ, ಬೇರೆ ಬೇರೆ ದೇಶಗಳ ಕೊಲ್ಲುವ ವಿಧಾನಗಳನ್ನು ಅಡುಗೆಯ ರೂಪಕದಲ್ಲಿ ರಂಗಕ್ಕೆ ತಂದಿತು. ಕೊನೆಯ ದೃಶ್ಯದಲ್ಲಿ ನಟರು ರಾಶಿ ರಾಶಿ ಈರುಳ್ಳಿ ಹೆಚ್ಚುತ್ತಾರೆ. ಘಾಟು ಸಭಾಂಗಣವನ್ನು ತುಂಬುತ್ತದೆ. ಪ್ರೇಕ್ಷಕರ ಕಣ್ಣಲ್ಲಿ ನೀರು ಬರುತ್ತದೆ. ಅದು ಈರುಳ್ಳಿಯದೋ ದುಃಖದ್ದೋ ಹೇಳುವುದು ಕಷ್ಟ.

2016ರ ‘ಬರ್ನಿಂಗ್ ಡೋರ್ಸ್’ನಲ್ಲಿ ತಂಡ ಗಡಿ ದಾಟಿದ ಕಲಾವಿದರ ಕೂಟವಾಗಿಯೇ ಮಾರ್ಪಟ್ಟಿತು. ರಷ್ಯಾದ ‘ಪುಸಿ ರಯಟ್’ ಗುಂಪಿನ ಮರಿಯಾ ಅಲ್ಯೋಖಿನಾ, ಚರ್ಚಿನಲ್ಲಿ ಪುಟಿನ್ ವಿರೋಧಿ ಹಾಡು ಹಾಡಿ ಸೆರೆವಾಸ ಅನುಭವಿಸಿದವರು, ಅದರಲ್ಲಿ ತಾವೇ ಪಾತ್ರವಹಿಸಿದರು. ಮಾಸ್ಕೋದ ಗುಪ್ತಚರ ಕಚೇರಿಯ ಬಾಗಿಲಿಗೆ 2015ರಲ್ಲಿ ಬೆಂಕಿ ಇಟ್ಟ ಕಲಾವಿದ ಪ್ಯೋತರ್ ಪಾವ್ಲೆನ್‌ಸ್ಕಿ ಮತ್ತು ಕ್ರಿಮಿಯಾದ ಚಿತ್ರನಿರ್ದೇಶಕ ಒಲೆಗ್ ಸೆಂತ್ಸೋವ್ ಅವರ ಕಥೆಗಳೂ ಅದರಲ್ಲಿದ್ದವು. ರಷ್ಯಾದ ನ್ಯಾಯಾಲಯ ಸೆಂತ್ಸೋವ್‌ಗೆ 20 ವರ್ಷ ಶಿಕ್ಷೆ ವಿಧಿಸಿತ್ತು. 2019ರಲ್ಲಿ ಕೈದಿಗಳ ವಿನಿಮಯದಲ್ಲಿ ಅವರು ಹೊರಬಂದರು.

ಇದಕ್ಕೂ ಮೊದಲು, 2015ರಲ್ಲಿ, ತಂಡದ ಹತ್ತು ವರ್ಷದ ನೆನಪಿಗೆ ಲಂಡನ್ನಿನಲ್ಲಿ ನಡೆದ ಉತ್ಸವದ ಕೆಲವು ಪ್ರದರ್ಶನಗಳ ಜಾಗವನ್ನು ಪ್ರೇಕ್ಷಕರಿಗೆ ಕೊನೆಯ ಗಳಿಗೆಯಲ್ಲಷ್ಟೇ ತಿಳಿಸಲಾಯಿತು. ಅದೇ ವರ್ಷದ ಸಂಗೀತ ಕಾರ್ಯಕ್ರಮವೊಂದರಲ್ಲಿ ‘ಪಿಂಕ್ ಫ್ಲಾಯ್ಡ್’ ಖ್ಯಾತಿಯ ಡೇವಿಡ್ ಗಿಲ್ಮೂರ್, ಉಕ್ರೇನಿನ ‘ಬೂಮ್‌ಬಾಕ್ಸ್’ ತಂಡದವರ ಜೊತೆ ನುಡಿಸಿದರು. ಆ ತಂಡದ ಗಾಯಕನಿಗೆ ವೀಸಾ ತೊಂದರೆಯಿಂದ ಬರಲಾಗಲಿಲ್ಲ. 2022ರಲ್ಲಿ ಅದೇ ಗಾಯಕ ಆಂದ್ರಿ ಖ್ಲಿವ್‌ನ್ಯೂಕ್ ಸೈನಿಕನ ಉಡುಪಿನಲ್ಲಿ ಕೀವ್‌ನಲ್ಲಿ ನಿಂತು ಹಾಡಿದ ದನಿಯನ್ನು ಬಳಸಿ ‘ಪಿಂಕ್ ಫ್ಲಾಯ್ಡ್’ ಹೊಸ ಹಾಡು ಹೊರತಂದಿತು.

ಕೊನೆಯ ಬಾಗಿಲು

2020ರ ಆಗಸ್ಟ್ ಚುನಾವಣೆಯಲ್ಲಿ ಲುಕಶೆಂಕೊಗೆ ಶೇ 80ರಷ್ಟು ಮತ ಬಂದಿದೆ ಎಂದು ಘೋಷಿಸಿದಾಗ ಬೆಲಾರೂಸ್ ಹಿಂದೆಂದೂ ಕಾಣದ ಪ್ರತಿಭಟನೆಯನ್ನು ಕಂಡಿತು. ಈ ಬಾರಿ ಸರ್ಕಾರಿ ರಂಗಭೂಮಿಯೇ ಸಿಡಿಯಿತು. ಪ್ರತಿಭಟನಕಾರರ ಪರ ಮಾತಾಡಿದ ಕುಪಾಲಾ ರಂಗಮಂದಿರದ ಮುಖ್ಯಸ್ಥ ಪಾವೆಲ್ ಲತುಷ್ಕೊ ಅವರನ್ನು ವಜಾ ಮಾಡಿದಾಗ, ಅಲ್ಲಿನ ಹತ್ತಾರು ಕಲಾವಿದರು ಒಟ್ಟಾಗಿ ರಾಜೀನಾಮೆ ಕೊಟ್ಟು ಹೊರನಡೆದರು. ದೇಶದ ಅತ್ಯಂತ ಹಳೆಯ ರಂಗಸಂಸ್ಥೆ ಒಂದೇ ವಾರದಲ್ಲಿ ಬರಿದಾಯಿತು. ಹದಿನೈದು ವರ್ಷಗಳ ಹಿಂದೆ ಕೆಲವೇ ನಟರು ಹಿಡಿದ ದಾರಿಯನ್ನು ಈಗ ರಾಷ್ಟ್ರೀಯ ರಂಗಮಂದಿರದವರೇ ಹಿಡಿದಿದ್ದರು.

ಅದರ ನಂತರದ ದಮನ ತೀವ್ರವಾಗಿತ್ತು. ಪ್ರತಿಭಟನೆಯ ಮುಂದಾಳುಗಳಲ್ಲಿ ಒಬ್ಬರಾದ ಕೊಳಲುವಾದಕಿ ಮರಿಯಾ ಕೊಲೆಸ್ನಿಕೊವಾಗೆ 2021ರಲ್ಲಿ 11 ವರ್ಷ ಸೆರೆವಾಸ ವಿಧಿಸಲಾಯಿತು. ಅವರು ಹೊರಬಂದದ್ದು 2025ರ ಡಿಸೆಂಬರ್‌ನಲ್ಲಿ. 1999ರಲ್ಲಿ ಅಧ್ಯಕ್ಷರ ಕಚೇರಿಯ ಮುಂದೆ ಒಂದು ಗಾಡಿ ಗೊಬ್ಬರ ಸುರಿದು ಹೆಸರಾಗಿದ್ದ ಚಿತ್ರಕಲಾವಿದ ಅಲೆಸ್ ಪುಷ್ಕಿನ್ ಸೆರೆಯಲ್ಲಿರುವಾಗಲೇ 2023ರ ಜುಲೈನಲ್ಲಿ ತೀರಿಕೊಂಡರು. ಫ್ರೀ ಥಿಯೇಟರಿನ ನಟರಿಗೂ ಮಿನ್ಸ್ಕ್‌ನಲ್ಲಿ ಉಳಿಯುವುದು ಅಸಾಧ್ಯವಾಯಿತು. 2021ರಲ್ಲಿ ಇಡೀ ತಂಡ ದೇಶ ಬಿಟ್ಟಿತು.

2022ರ ಮಾರ್ಚ್‌ನಲ್ಲಿ, ಉಕ್ರೇನ್ ಮೇಲೆ ರಷ್ಯಾದ ದಾಳಿ ಆರಂಭವಾಗಿ ಎರಡು ವಾರ ಕಳೆಯುವಷ್ಟರಲ್ಲಿ, ಲಂಡನ್ನಿನ ಬಾರ್ಬಿಕನ್ ರಂಗಮಂದಿರದಲ್ಲಿ ತಂಡ ‘ಡಾಗ್ಸ್ ಆಫ್ ಯೂರೋಪ್’ ಆಡಿತು. ಅಲ್‌ಗೆರ್ದ್ ಬಖರೇವಿಚ್ ಬರೆದ ಕಾದಂಬರಿಯ ರಂಗರೂಪ ಅದು. ನೆರೆಯ ದೇಶಗಳನ್ನು ನುಂಗಿದ ರಷ್ಯಾದ ಮಹಾಪ್ರಭುತ್ವವೊಂದು ಯೂರೋಪಿಗೆ ಎದುರಾಗಿ ನಿಂತಿರುವ 2049ರ ಜಗತ್ತನ್ನು, ಪುಸ್ತಕಗಳು ಮರೆಯಾಗುತ್ತಿರುವ ಕಾಲವನ್ನು ಅದು ಕಲ್ಪಿಸುತ್ತದೆ. ಕಾದಂಬರಿ ಪ್ರಕಟವಾದದ್ದು 2017ರಲ್ಲಿ. ಐದು ವರ್ಷಗಳಲ್ಲಿ ಕಲ್ಪನೆಗೂ ಸುದ್ದಿಗೂ ನಡುವಿನ ಅಂತರ ಕಿರಿದಾಗಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಲಾರೂಸಿನಲ್ಲಿ ಈ ಕಾದಂಬರಿಯನ್ನು ಉಗ್ರವಾದಿ ಸಾಹಿತ್ಯವೆಂದು ಘೋಷಿಸಲಾಯಿತು. 2025ರಲ್ಲಿ ಅದರ ಜರ್ಮನ್ ಅನುವಾದಕ್ಕೆ ಲೈಪ್‌ಜಿಗ್ ಪುಸ್ತಕ ಪ್ರಶಸ್ತಿ ಸಿಕ್ಕಿತು.

ಯಾರಿಗಾಗಿ ನಾಟಕ?

ಇಷ್ಟೆಲ್ಲ ಕೇಳಿದ ಮೇಲೂ ಕೆಲವು ಪ್ರಶ್ನೆಗಳು ಉಳಿಯುತ್ತವೆ. ಮಿನ್ಸ್ಕ್‌ನ ಮನೆಯಲ್ಲಿ ಕುಳಿತ ಪ್ರೇಕ್ಷಕ ನಾಟಕ ನೋಡಲೆಂದೇ ಅಪಾಯವನ್ನು ಮೈಮೇಲೆ ಎಳೆದುಕೊಂಡು ಬಂದವನು. ಬಾರ್ಬಿಕನ್ ಪ್ರೇಕ್ಷಕ ಟಿಕೆಟ್ ಕೊಂಡು, ನಾಟಕ ಮುಗಿದ ಮೇಲೆ ಊಟಕ್ಕೆ ಹೋಗುವವನು. ಒಂದೇ ನಾಟಕ ಎರಡೂ ಕಡೆ ಒಂದೇ ಆಗಿರಲು ಸಾಧ್ಯವೇ? ಮೊದಲೇ ಒಪ್ಪಿಕೊಂಡವರ ಮುಂದೆ ಒಪ್ಪಿತ ಮಾತನ್ನು ಆಡುವುದರಿಂದ ಆಗುವುದೇನು? ಹೊರದೇಶದ ಹಣ, ಹೊರದೇಶದ ಚಪ್ಪಾಳೆ ಎಂಬ ಮಾತು ಇಂಥ ತಂಡಗಳ ಮೇಲೆ ಎಲ್ಲ ಸರ್ವಾಧಿಕಾರಿಗಳೂ ಹೊರಿಸುವ ಮಾಮೂಲಿ ಆರೋಪ. ಅದನ್ನು ಬದಿಗಿಟ್ಟರೂ, ನೋವು ಉತ್ಸವಗಳ ಸರಕಾಗುವ ಅಪಾಯ ಇದ್ದೇ ಇದೆ.

ಇನ್ನೊಂದು ಪ್ರಶ್ನೆ ಕಲೆಯದು. ಸೆರೆಮನೆ ಕಂಡ ನಟನ ನಾಟಕವನ್ನು ವಿಮರ್ಶಕ ಹೇಗೆ ಅಳೆಯಬೇಕು? ಧೈರ್ಯವನ್ನು ಮೆಚ್ಚಿ ದೋಷಗಳನ್ನು ಮರೆಯುವುದು ಸುಲಭ. ಆದರೆ ಅಂಥ ರಿಯಾಯಿತಿ ತೋರಿದರೆ ಕಲಾವಿದನಿಗೆ ಅನ್ಯಾಯವಾಗುತ್ತದೆ. ಪಿಂಟರ್ ಪ್ರಯೋಗವಾಗಲಿ, ‘ಕಿಂಗ್ ಲಿಯರ್’ ಆಗಲಿ ನೆನಪಿನಲ್ಲಿ ಉಳಿದಿರುವುದು ನಟರ ಅನುಕಂಪದ ಕಥೆಯಿಂದಲ್ಲ, ಅವರ ದೇಹ ಮತ್ತು ದನಿಯ ಶಿಸ್ತಿನಿಂದ ಎಂಬುದನ್ನು ಗಮನಿಸಬೇಕು.

ಸಂಚಾರಿ ಪ್ರದರ್ಶನಗಳಿಂದ ಲುಕಶೆಂಕೊ ಸರ್ಕಾರ ಅಲುಗಾಡಲಿಲ್ಲ ಎಂಬುದು ಸತ್ಯ. ಕಾಣೆಯಾದ ನಾಲ್ವರು ಮರಳಿ ಬರಲಿಲ್ಲ. ಆದರೆ ಅವರ ಹೆಸರುಗಳು ದೂರದ ಊರುಗಳ ರಂಗದ ಮೇಲೆ ಕೇಳಿಬಂದವು. ಬೆಲಾರೂಸಿ ಭಾಷೆಯ ಸಾಲುಗಳನ್ನು, ಆ ಭಾಷೆ ಇದೆಯೆಂದೇ ತಿಳಿಯದಿದ್ದ ಜನ ಕೇಳಿದರು. 2023ರಲ್ಲಿ ಉಕ್ರೇನಿನ ಗಾಯಕರ ಜೊತೆ ಸೇರಿ, ಬೆಲಾರೂಸಿ ಕಾದಂಬರಿಯೊಂದನ್ನು ಆಧರಿಸಿದ ಗೀತನಾಟಕವನ್ನು ಬಾರ್ಬಿಕನ್‌ಗೆ ತರುವಷ್ಟು ತಂಡ ಬೆಳೆಯಿತು.

ಅನುಮತಿ ಕೊಡದೆ, ಜಾಗ ಕೊಡದೆ, ನೌಕರಿ ಕಿತ್ತುಕೊಂಡು, ಕೊನೆಗೆ ದೇಶದಿಂದಲೇ ಹೊರದಬ್ಬಿ ಸರ್ಕಾರ ನಟರನ್ನು ಅವರ ಪ್ರೇಕ್ಷಕರಿಂದ ದೂರ ಮಾಡಿತು. ಮಿನ್ಸ್ಕ್‌ನಲ್ಲಿ ಸಂದೇಶಕ್ಕಾಗಿ ಕಾಯುತ್ತಿದ್ದ ಜನ ಮಾತ್ರ ಹೆಚ್ಚಿನ ಪಾಲು ಅಲ್ಲಿಯೇ ಇದ್ದಾರೆ. ತಂಡ ಮತ್ತೆ ಅವರ ಮುಂದೆ ಆಡುವ ದಿನ ಬರುವವರೆಗೆ, ಹೊರಗಿನ ಊರುಗಳ ಪ್ರತಿಯೊಂದು ಪ್ರದರ್ಶನವೂ ಒಂದು ತರಹದ ತಾಲೀಮೇ ಸರಿ.